ದಾವಣಗೆರೆ–ಚಿತ್ರದುರ್ಗದ ಬಿಸಿಲಲ್ಲಿ ವಿ.ಬಿ.ಎಸ್. ನಡೆಸುವುದು ಹೇಗೆ?

ಈಸ್ಟರ್ ಹತ್ತಿರ ಬಂದಂತೆ ಸಣ್ಣ ಕ್ರೈಸ್ತ ಸಭೆಗಳಿಂದ (ಚರ್ಚುಗಳಿಂದ) ಬರುವ ಪ್ರಶ್ನೆ ಒಂದೇ: "ನಮ್ಮಲ್ಲಿ ಇರೋದೇ ನಲವತ್ತು ಮನೆ, ಕಲಿಸೋರು ಐದಾರು ಜನ. ಈ ಬಿಸಿಲಲ್ಲಿ ವಿ.ಬಿ.ಎಸ್. ಮಾಡೋಕಾಗುತ್ತಾ?" ಖಂಡಿತ ಆಗುತ್ತದೆ. ವಿ.ಬಿ.ಎಸ್. ಎಂದರೆ ವೆಕೇಷನ್ ಬೈಬಲ್ ಸ್ಕೂಲ್. ಬೇಸಿಗೆ ರಜೆಯಲ್ಲಿ ಐದರಿಂದ ಹತ್ತು ದಿನ ಹಾಡು, ಬೈಬಲ್ ಕಥೆ, ಕಂಠಪಾಠ, ಕೈಕೆಲಸ, ಆಟ ಎಲ್ಲವನ್ನೂ ಸೇರಿಸಿ ಮಕ್ಕಳಿಗಾಗಿ ಸಭೆ ನಡೆಸುವ ಶಾಲೆ. ಆದರೆ ಬೆಂಗಳೂರಿನ ಏಪ್ರಿಲ್ ಬೇರೆ, ದಾವಣಗೆರೆಯ ಏಪ್ರಿಲ್ ಬೇರೆ. ಅಲ್ಲಿನ ವೇಳಾಪಟ್ಟಿಯನ್ನು ತಂದು ಇಲ್ಲಿ ಹಾಕಿದರೆ ಮೂರನೇ ದಿನಕ್ಕೆ ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ಬಂದವರೂ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ನಮ್ಮ ಕಡೆ ಮೊದಲು ನೆರಳು–ನೀರಿನ ಲೆಕ್ಕ ಹಾಕಬೇಕು, ಪಾಠದ ಲೆಕ್ಕ ಆಮೇಲೆ.

ಕೆಳಗಿನ ಅಳತೆಗಳೆಲ್ಲ 60 ಮಕ್ಕಳು, 15 ದೊಡ್ಡವರು, 5 ದಿನ ಎಂದು ಇಟ್ಟುಕೊಂಡು ಕೊಟ್ಟಿರುವುದು. ನಿಮ್ಮ ಸಂಖ್ಯೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

1. ದಿನ ಗೊತ್ತು ಮಾಡಿ

ಈಸ್ಟರ್ ಒಂದೇ ತಾರೀಖಿಗೆ ಬರುವ ಹಬ್ಬವಲ್ಲ; ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು. 2025ರಲ್ಲಿ ಏಪ್ರಿಲ್ 20ಕ್ಕೆ, 2026ರಲ್ಲಿ ಏಪ್ರಿಲ್ 5ಕ್ಕೆ, 2027ರಲ್ಲಿ ಮಾರ್ಚ್ 28ಕ್ಕೆ. ಆದ್ದರಿಂದ ಹೋದ ವರ್ಷದ ತಾರೀಖನ್ನೇ ಈ ವರ್ಷಕ್ಕೂ ಬರೆದುಕೊಳ್ಳಬೇಡಿ. ಈಸ್ಟರಿಗೆ ಮುಂಚಿನ ಶ್ರಮೆವಾರದಲ್ಲಿ ಸಭಾಪಾಲಕರಿಗೂ ಗಾಯನ ಮಂಡಳಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಸರ್ಕಾರಿ ಶಾಲೆಗಳ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರ ಶುರುವಾಗಿ ಮೇ ಕೊನೆಯ ವಾರಕ್ಕೆ ಮುಗಿಯುತ್ತದೆ. ಇವೆರಡನ್ನೂ ನೋಡಿಕೊಂಡು ರಜೆಯ ಮೊದಲ ಎರಡು ವಾರದೊಳಗೇ ಮುಗಿಸುವುದು ಲೇಸು. ಮೇ ಬಂತೆಂದರೆ ಮದುವೆಗಳು ಸಾಲುಗಟ್ಟುತ್ತವೆ, ಮಕ್ಕಳು ಅಜ್ಜಿ ಮನೆ ಸೇರುತ್ತಾರೆ, ಕಲಿಸುವವರು ಛತ್ರದಲ್ಲಿರುತ್ತಾರೆ.

ಸೋಮವಾರದಿಂದ ಶುಕ್ರವಾರದವರೆಗೆ ಶಾಲೆ, ಆ ಭಾನುವಾರದ ಆರಾಧನೆಯಲ್ಲಿ ಸಮಾರೋಪ. ಪಕ್ಕದ ಸಭೆಯವರ ದಿನಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಎರಡೂ ಒಂದೇ ವಾರ ಬಿದ್ದರೆ ಎರಡಕ್ಕೂ ಮಕ್ಕಳು ಕಡಿಮೆ. ಆರು ವಾರ ಮುಂಚೆ ಸಭಾಪಾಲನಾ ಸಮಿತಿಯಲ್ಲಿ ತೀರ್ಮಾನವಾಗಿ ನಡಾವಳಿ ಪುಸ್ತಕದಲ್ಲಿ ಬರೆದಿರಲಿ. ಬಾಯಿಮಾತಿನ ಒಪ್ಪಿಗೆ ಖರ್ಚಿನ ದಿನ ಯಾರಿಗೂ ನೆನಪಿರುವುದಿಲ್ಲ.

2. ನೋಂದಣಿ ಚೀಟಿ, ಅನುಮತಿ

ಪ್ರತಿ ಮಗುವಿಗೂ ಒಂದು ಚೀಟಿ ಇರಲಿ. ಅದರಲ್ಲಿ ಬೇಕಾದದ್ದು: ಮಗುವಿನ ಹೆಸರು (ಪೋಷಕರೇ ಕನ್ನಡದಲ್ಲಿ ಬರೆದದ್ದು, ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗುವುದು ಇಲ್ಲೇ), ವಯಸ್ಸು, ಎರಡು ಫೋನ್ ನಂಬರು, ಉಬ್ಬಸ–ಮೂರ್ಛೆಯಂಥ ತೊಂದರೆ, ಯಾವ ತಿಂಡಿ ಒಗ್ಗುವುದಿಲ್ಲ, ಮನೆಗೆ ಕರೆದೊಯ್ಯಲು ಬರುವವರು ಯಾರು. ಕೊನೆಯದನ್ನು ಬಹಳ ಸಭೆಗಳು ಬಿಟ್ಟುಬಿಡುತ್ತವೆ. ಚೀಟಿಯಲ್ಲಿ ಹೆಸರಿಲ್ಲದವರ ಜೊತೆ ಮಗುವನ್ನು ಕಳಿಸಬೇಡಿ, ಬಂದವರು ನಿಮಗೆ ಗೊತ್ತಿರುವವರೇ ಆದರೂ ಮನೆಗೆ ಒಂದು ಫೋನ್ ಮಾಡಿ.

ಬೀದಿಯ ಬೇರೆ ಧರ್ಮದ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಇಲ್ಲಿ ಬೈಬಲ್ ಕಥೆ ಹೇಳುತ್ತೇವೆ, ಕ್ರೈಸ್ತ ಹಾಡು ಕಲಿಸುತ್ತೇವೆ ಎಂದು ಅವರ ತಂದೆ–ತಾಯಿಗೆ ಸ್ಪಷ್ಟವಾಗಿ ಹೇಳಿ ಸಹಿ ಪಡೆದ ಮೇಲೆಯೇ ಸೇರಿಸಿಕೊಳ್ಳಿ. "ಬಂದರೆ ಬ್ಯಾಗ್ ಕೊಡ್ತೀವಿ" ಎಂಬ ಮಾತು ಕರಪತ್ರದಲ್ಲೂ ಬೇಡ, ಬಾಯಲ್ಲೂ ಬೇಡ. ಇದು ನೆರೆಹೊರೆಯ ನಂಬಿಕೆಯ ಪ್ರಶ್ನೆ.

ಧ್ವನಿವರ್ಧಕಕ್ಕೂ ಕೊನೆಯ ದಿನದ ಮೆರವಣಿಗೆಗೂ ಪೊಲೀಸ್ ಠಾಣೆಯಲ್ಲಿ ಲಿಖಿತ ಅನುಮತಿ ಬೇಕು. ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 60 ಮಕ್ಕಳಿಗೆ ಒಂದು ಸಣ್ಣ ಬ್ಯಾಟರಿ ಸ್ಪೀಕರ್ ಧಾರಾಳ ಸಾಕು. ಕರೆಂಟ್ ಹೋದಾಗಲೂ ಅದು ಕೈಕೊಡುವುದಿಲ್ಲ.

3. ಕಲಿಸುವವರು

ಮಕ್ಕಳನ್ನು ವಯಸ್ಸಿನ ಮೇಲೆ ನಾಲ್ಕು ಗುಂಪು ಮಾಡುವುದು ರೂಢಿ: ಬಿಗಿನರ್ಸ್ (4–5 ವರ್ಷ), ಪ್ರೈಮರಿ (6–8), ಜೂನಿಯರ್ (9–11), ಇಂಟರ್‌ಮೀಡಿಯೆಟ್ (12–15). ಪುಟ್ಟವರಲ್ಲಿ 8–10 ಮಕ್ಕಳಿಗೆ, ದೊಡ್ಡವರಲ್ಲಿ 15 ಮಕ್ಕಳಿಗೆ ಒಬ್ಬ ಶಿಕ್ಷಕರು, ಒಬ್ಬ ಸಹಾಯಕರು. ಜನ ಸಾಲದಿದ್ದರೆ ಗುಂಪು ಮೂರಕ್ಕೆ ಇಳಿಸಿ, ಸಹಾಯಕರನ್ನು ಮಾತ್ರ ಕಡಿಮೆ ಮಾಡಬೇಡಿ. ಪಿ.ಯು. ಮುಗಿಸಿದ ಯುವಜನರು ಸಹಾಯಕರಾಗಲು ಹೇಳಿ ಮಾಡಿಸಿದವರು.

ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಯಾವ ಮಗುವಿನ ಜೊತೆಯೂ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಕೂಡದು. ಪುಟ್ಟ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವಾಗಲೂ ಇಬ್ಬರು ಹೋಗಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಇಂಥ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ, ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆ ಎಂದು ಒಳಗೊಳಗೇ ರಾಜಿ ಮಾಡಿಸುವುದು ತಪ್ಪಷ್ಟೇ ಅಲ್ಲ, ಅಪರಾಧ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿರಲಿ.

4. ನೆರಳು

ಜಾಗವನ್ನು ಬೆಳಿಗ್ಗೆ ಏಳಕ್ಕೆ ನೋಡಿ ಒಪ್ಪಬೇಡಿ. ಹನ್ನೊಂದಕ್ಕೆ ಹೋಗಿ ನಿಂತು ನೋಡಿ. ಏಳು ಗಂಟೆಗೆ ತಂಪಾಗಿದ್ದ ಹೊಂಗೆ ಮರದ ನೆರಳು ಆ ಹೊತ್ತಿಗೆ ಕಾಂಪೌಂಡ್ ಆಚೆ ಹೋಗಿರಬಹುದು.

ತಗಡಿನ ಶೀಟಿನ ಹಾಲ್ ಇದ್ದರೆ ಅದರ ಮೇಲೆ ತೆಂಗಿನ ಗರಿ ಹೊದಿಸಿ ಹಗ್ಗ ಬಿಗಿಯಿರಿ. ಹೊಸದುರ್ಗ, ಚನ್ನಗಿರಿ ಕಡೆಯವರಿಗೆ ಗರಿ, ಸೋಗೆ ಸುಲಭವಾಗಿ ಸಿಗುತ್ತವೆ. ಸಿಗದ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೀಟಿಗೆ ಎರಡು ಕೈ ಸುಣ್ಣ ಬಳಿದರೂ ಕಾವು ಕಡಿಮೆಯಾಗುವುದು ಗೊತ್ತಾಗುತ್ತದೆ. ಬಿಸಿಲು ಬೀಳುವ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಎದುರು ಕಿಟಕಿ ತೆರೆದಿಡಿ. ಕಿಟಕಿ ಎಲ್ಲ ಮುಚ್ಚಿ ಗೋಣಿ ಒದ್ದೆ ಮಾಡಿದರೆ ಸೆಕೆ ಇನ್ನೂ ಹೆಚ್ಚುತ್ತದೆ.

ಹೊರಗೆ ಶಾಮಿಯಾನಕ್ಕಿಂತ ಗರಿಯ ಚಪ್ಪರ ಎಷ್ಟೋ ತಂಪು. ಶಾಮಿಯಾನವೇ ಗತಿ ಎಂದಾದರೆ ಎತ್ತರ ಹತ್ತು ಅಡಿಗೆ ಕಡಿಮೆ ಬೇಡ, ಪಕ್ಕದ ಪರದೆ ಕಟ್ಟಬೇಡಿ. ಚಿತ್ರದುರ್ಗದ ಗಾಳಿ ಗೊತ್ತಲ್ಲ; ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಏಪ್ರಿಲ್ ಕೊನೆಯಲ್ಲಿ ಸಂಜೆ ಗುಡುಗು–ಗಾಳಿ ಎದ್ದರೆ ಸಡಿಲ ಗೂಟ ಕಿತ್ತು ಕಂಬವೇ ಬೀಳುತ್ತದೆ. ಪ್ರತಿ ಕಂಬಕ್ಕೂ ಎರಡು ಕಡೆ ಹಗ್ಗ ಎಳೆದು ಗೂಟ ಹೊಡೆಸಿ, ದಿನಾ ಶಾಲೆ ಬಿಟ್ಟ ಮೇಲೆ ಬಟ್ಟೆ ಇಳಿಸಿ. ಒಲೆ ಮತ್ತು ವೈರು ಗರಿಯ ಚಪ್ಪರದಿಂದ ದೂರ ಇರಲಿ. ಒಣಗಿದ ಗರಿಗೆ ಒಂದು ಕಿಡಿ ಸಾಕು.

ಒಂದು ವಾರ ಮುಂಚೆ ಆವರಣದ ಕಲ್ಲುಗುಡ್ಡೆ, ಹಳೇ ಹೆಂಚು, ಕಟ್ಟಿಗೆ ಎತ್ತಿಸಿ. ಬೇಸಿಗೆಯಲ್ಲಿ ಚೇಳು ತಂಪು ಹುಡುಕಿಕೊಂಡು ಅಲ್ಲೇ ಸೇರುವುದು. ಚಪ್ಪಲಿಗಳನ್ನು ಸಾಲಾಗಿ ಬಿಡಿಸಿ, ಹಾಕಿಕೊಳ್ಳುವ ಮುಂಚೆ ಕೊಡವುವುದನ್ನು ಮೊದಲ ದಿನವೇ ಕಲಿಸಿ. ಚೇಳು ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಮಗುವನ್ನು ಓಡಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ.

5. ನೀರು, ತಿಂಡಿ

ಕುಡಿಯುವ ನೀರಿಗೆ ದಿನಕ್ಕೆ 20 ಲೀಟರಿನ ಮೂರು ಕ್ಯಾನ್. ಎರಡು ಸಾಕಾಗುತ್ತದೆ, ಮೂರನೆಯದು ಮಜ್ಜಿಗೆಗೆ ಮತ್ತು ಆಪತ್ತಿಗೆ. ಕೈತೊಳೆಯಲು, ಶೌಚಾಲಯಕ್ಕೆ ಬೇರೆ ನೀರು ಡ್ರಮ್ಮಿನಲ್ಲಿ ಹಿಂದಿನ ದಿನವೇ ತುಂಬಿರಲಿ. ನಲ್ಲಿ ನೀರು ಬರುವ ದಿನ ನಂಬಿಕೊಂಡು ಕೂರಬೇಡಿ. "ಬಾಯಾರಿದಾಗ ಕುಡೀರಿ" ಎಂದರೆ ಆಟದ ಅಮಲಿನಲ್ಲಿ ಮಕ್ಕಳು ಕುಡಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆದು ಎಲ್ಲರೂ ಒಟ್ಟಿಗೆ ಅರ್ಧ ಲೋಟ ಕುಡಿಯಬೇಕು, ಶಿಕ್ಷಕರೂ ಸೇರಿ.

ಮಜ್ಜಿಗೆ 12 ಲೀಟರ್: ಮೊಸರು 3 ಲೀಟರ್, ನೀರು 9 ಲೀಟರ್, ಉಪ್ಪು ಸುಮಾರು 50 ಗ್ರಾಂ, ಜೀರಿಗೆ ಪುಡಿ, ಕರಿಬೇವು, ಶುಂಠಿ. ಮೆಣಸಿನಕಾಯಿ ಹಾಕಬೇಡಿ. ಬೆಳಿಗ್ಗೆ ಆರಕ್ಕೆ ಕಡೆದಿಟ್ಟರೆ ಹತ್ತಕ್ಕೆ ಹುಳಿ ಮುಖ ಸಿಂಡರಿಸುವಂತಾಗುತ್ತದೆ. ಮೊಸರನ್ನು ತಣ್ಣಗಿಟ್ಟು, ಕೊಡುವ ಅರ್ಧ ಗಂಟೆ ಮುಂಚೆ ಕಡೆಯಿರಿ. ಮರುದಿನ ಪಾನಕ: ಅದೇ 12 ಲೀಟರಿಗೆ ಬೆಲ್ಲ ಒಂದೂವರೆ ಕಿಲೋ, ನಿಂಬೆಹಣ್ಣು 15, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ ಕರಗಿಸಿ ಸೋಸದೆ ಕೊಡಬೇಡಿ, ಕಲ್ಲು ಮಣ್ಣು ತಳದಲ್ಲಿರುತ್ತದೆ. ಹೊರಗಿನ ಐಸ್ ಬೇಡವೇ ಬೇಡ. ಅದನ್ನು ಯಾವ ನೀರಿನಲ್ಲಿ ಕಟ್ಟಿದ್ದಾರೆಂದು ನಿಮಗೆ ತಿಳಿಯದು. ಮಣ್ಣಿನ ಮಡಕೆ ಸಾಕು.

ತಿಂಡಿಗೆ ಮಂಡಕ್ಕಿ ಒಗ್ಗರಣೆ ನಮ್ಮೂರಿನ ಮಕ್ಕಳಿಗೆ ಯಾವತ್ತೂ ಬೇಸರವಾಗದ್ದು, ಹೊಟ್ಟೆಗೂ ಭಾರವಲ್ಲ. 60 ಮಕ್ಕಳಿಗೆ ಎರಡೂವರೆ ಕಿಲೋ ಮಂಡಕ್ಕಿ, ಒಂದೂವರೆ ಕಿಲೋ ಈರುಳ್ಳಿ, ಅರ್ಧ ಕಿಲೋ ಪುಟಾಣಿ ಪುಡಿ, ಅರಿಶಿನ, ನಿಂಬೆರಸ. ಮಂಡಕ್ಕಿಯನ್ನು ನೀರಿಗೆ ಹಾಕಿ ಕೂಡಲೇ ಎತ್ತಿ ಹಿಂಡಬೇಕು. ಒಂದು ನಿಮಿಷ ಬಿಟ್ಟರೆ ಮುದ್ದೆ. ಒಟ್ಟಿಗೇ ಮಾಡದೆ ಎರಡು ಸಲ ಮಾಡಿ. ಶೇಂಗಾ ಬೇರೆ ಬಟ್ಟಲಲ್ಲಿಡಿ, ಒಗ್ಗದ ಮಕ್ಕಳ ಹೆಸರು ಅಡುಗೆಯವರ ಕಣ್ಣೆದುರು ಅಂಟಿಸಿರಲಿ. ಒಂದೆರಡು ದಿನ ಬಾಳೆಹಣ್ಣು, ಒಂದು ದಿನ ಅಲ್ಲೇ ಕೊಯ್ದ ಕಲ್ಲಂಗಡಿ. ಮುಂಚೆಯೇ ಹೆಚ್ಚಿಟ್ಟ ಹಣ್ಣು, ಕೆನೆ ಹಾಕಿದ ಕೇಕು ಬೇಡ.

ಪ್ರಥಮ ಚಿಕಿತ್ಸೆ ಡಬ್ಬಿಯಲ್ಲಿ ಹತ್ತು ಓಆರ್‌ಎಸ್ ಪೊಟ್ಟಣ ಇರಲಿ. ಬೆವರು, ಭೇದಿಯಲ್ಲಿ ಹೋದ ನೀರು–ಲವಣ ತುಂಬಿಕೊಡುವ ಪುಡಿ ಅದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಬೇಕು, ಸ್ವಲ್ಪ ಸ್ವಲ್ಪ ಕಲಸುವುದು ತಪ್ಪು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆಸುತ್ತು, ಓಕರಿಕೆ, ಕಾಲು ಸೆಳೆತ ಎಂದ ಮಗುವನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಗಾಳಿ ಬೀಸುತ್ತಾ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಮಂಪರು ಬಂದರೆ, ಮೈ ಕೆಂಡದಂತೆ ಕಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈಗೆ ನೀರು ಹಾಕುತ್ತಿರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು.

6. ಪಾಠ ಆರಿಸುವುದು

ಮುದ್ರಿತ ಪಠ್ಯ ತರಿಸಿಕೊಂಡರೆ ಒಳ್ಳೆಯದೇ. ಸಿಗದಿದ್ದರೆ ನಿಮ್ಮದೇ ಐದು ಪಾಠ ಹೆಣೆಯಬಹುದು. ಬಯಲುಸೀಮೆಯ ಮಕ್ಕಳಿಗೆ ನೀರಿನ ಕಥೆಗಳಷ್ಟು ಬೇಗ ಮನಸ್ಸಿಗೆ ಇಳಿಯುವಂಥದ್ದು ಬೇರೆ ಇಲ್ಲ. ಒಂದು ಮಾದರಿ:

ಸೋಮವಾರ – ಹಾಗರಳು ಕಂಡ ಬಾವಿ (ಆದಿಕಾಂಡ 21:14–19)
ಮಂಗಳವಾರ – ಹತ್ತು ಒಂಟೆಗಳಿಗೆ ನೀರು ಸೇದಿದ ರೆಬೆಕ್ಕ (ಆದಿಕಾಂಡ 24:10–20)
ಬುಧವಾರ – ಬಂಡೆಯಿಂದ ನೀರು (ವಿಮೋಚನಕಾಂಡ 17:1–7)
ಗುರುವಾರ – ಎಲೀಯ ಮತ್ತು ಅಂಗೈಯಷ್ಟು ಮೋಡ (1 ಅರಸುಗಳು 18:41–46)
ಶುಕ್ರವಾರ – ಸಮಾರ್ಯದ ಹೆಣ್ಣುಮಗಳು (ಯೋಹಾನ 4:5–14)

ಜಾರುವ ಜಾಗಗಳು ಇವೆ. ಹಾಗರಳ ಕಥೆಯಲ್ಲಿ ತಾಯಿ ಮಗನನ್ನು ಪೊದೆಯ ಕೆಳಗೆ ಬಿಟ್ಟು ದೂರ ಕೂರುವ ಭಾಗ ಪುಟ್ಟವರನ್ನು ಅಳಿಸುತ್ತದೆ. ಅವರಿಗೆ ಅಲ್ಲಿ ನಿಲ್ಲಿಸದೆ ಬೇಗ ಬಾವಿಗೆ ಬನ್ನಿ. ಮುಸ್ಲಿಂ ಮನೆಯ ಮಕ್ಕಳು ಬಂದಿದ್ದರೆ ಹಾಗರಳ ಮಗ ಇಷ್ಮಾಯೇಲ ಅವರಿಗೂ ಗೌರವದ ಹೆಸರು ಎಂಬುದು ನೆನಪಿರಲಿ. ಬಂಡೆಯ ಕಥೆಯಲ್ಲಿ ಶಿಕ್ಷಕರೇ ಎಡವುವುದುಂಟು. ವಿಮೋಚನಕಾಂಡ 17ರಲ್ಲಿ ಬಂಡೆಯನ್ನು ಹೊಡೆ ಎಂದು ದೇವರೇ ಮೋಶೆಗೆ ಹೇಳುತ್ತಾನೆ. ಮಾತಾಡು ಎಂದರೂ ಎರಡು ಸಲ ಹೊಡೆದದ್ದು ಅರಣ್ಯಕಾಂಡ 20ರ ಬೇರೆ ಘಟನೆ. ಎರಡನ್ನೂ ಕಲಸಿ "ಮೋಶೆ ತಪ್ಪು ಮಾಡಿದ" ಎಂದು ಬುಧವಾರ ಹೇಳಬೇಡಿ.

ಎಲೀಯನ ಕಥೆಯನ್ನು ಕೂತು ಹೇಳುವುದಕ್ಕಿಂತ ಆಡಿಸಿ. ಒಬ್ಬ ಹುಡುಗನನ್ನು ಬಾಗಿಲಿಗೆ ಓಡಿಸಿ, ಮೋಡ ಇದೆಯಾ ನೋಡಿ ಬಾ ಎನ್ನಿ. ಅವನು ಬಂದು "ಏನೂ ಇಲ್ಲ" ಎನ್ನಬೇಕು. ಆರು ಸಲ ಹಾಗೇ. ನಾಲ್ಕನೇ ಸಲಕ್ಕೆ ಮಕ್ಕಳು ನಗುತ್ತಾರೆ, ಆರನೇ ಸಲಕ್ಕೆ ಸುಮ್ಮನಾಗುತ್ತಾರೆ. ಏಳನೇ ಸಲ ಅವನು ಅಂಗೈ ಎತ್ತಿ ತೋರಿಸಿ "ಇಷ್ಟೇ ಇಷ್ಟು ಮೋಡ" ಎಂದಾಗ ಕಥೆಯನ್ನು ಅಲ್ಲೇ ಒಂದು ಕ್ಷಣ ಬಿಡಿ. ಮುಗಿಲು ನೋಡುತ್ತಾ ಕಾಯುವುದು ಏನೆಂದು ರೈತರ ಮನೆಯ ಮಕ್ಕಳಿಗೆ ನೀವು ವಿವರಿಸಬೇಕಾಗಿಲ್ಲ. ಹಾಗೆಯೇ ಸಮಾರ್ಯದವಳು ಬಾವಿಗೆ ಬಂದದ್ದು ನಡುಮಧ್ಯಾಹ್ನ. "ಆ ಹೊತ್ತಲ್ಲಿ ಯಾರಾದರೂ ನೀರಿಗೆ ಹೋಗ್ತಾರಾ?" ಎಂದು ಕೇಳಿ ನೋಡಿ, ಉತ್ತರ ಮಕ್ಕಳೇ ಹುಡುಕುತ್ತಾರೆ.

ಕಂಠಪಾಠ ವಚನ ದಿನಕ್ಕೆ ಒಂದೇ, ಪುಟ್ಟವರಿಗೆ ಐದಾರು ಪದದ್ದು. ಕೀರ್ತನೆಗಳು 23:1 ಎಲ್ಲರಿಗೂ ಹೊಂದುತ್ತದೆ. ಯೋಹಾನ 4:14 ದೊಡ್ಡ ಗುಂಪಿಗೆ ಮಾತ್ರ. ಎಲ್ಲ ಶಿಕ್ಷಕರೂ ಒಂದೇ ಅನುವಾದ ಬಳಸಿ. ಹಳೆಯ ಅನುವಾದದ ಮಾತು ಒಂದು ಗುಂಪಿಗೆ, ಸರಳ ಅನುವಾದದ ಮಾತು ಇನ್ನೊಂದಕ್ಕೆ ಕಲಿಸಿದರೆ ಭಾನುವಾರ ಎಲ್ಲರೂ ಒಟ್ಟಿಗೆ ಹೇಳುವಾಗ ಗೊಂದಲವೋ ಗೊಂದಲ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡ ಓದಲು ತಡವರಿಸುತ್ತಾರೆ. ವಚನವನ್ನು ಚಾರ್ಟಿನಲ್ಲಿ ಎರಡು ಅಂಗುಲ ಅಕ್ಷರದಲ್ಲಿ ಬರೆದು, ಒಂದೊಂದೇ ಪದದ ಮೇಲೆ ಚೀಟಿ ಅಂಟಿಸುತ್ತಾ ಹೇಳಿಸಿ. ಪೂರ್ತಿ ಮುಚ್ಚುವ ಹೊತ್ತಿಗೆ ಬಾಯಿಗೆ ಬಂದಿರುತ್ತದೆ. ಹೊಸ ಹಾಡು ಐದು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ.

7. ದಿನದ ವೇಳೆ

ಬೆಳಿಗ್ಗೆ 7:45ಕ್ಕೆ ಹಾಜರಿ, 8ಕ್ಕೆ ಹಾಡು–ಪ್ರಾರ್ಥನೆ, 8:30ಕ್ಕೆ ಹೊರಗಿನ ಆಟ, 9ಕ್ಕೆ ಕಥೆ, 9:40ಕ್ಕೆ ತಿಂಡಿ–ಮಜ್ಜಿಗೆ, 10ಕ್ಕೆ ಕೈಕೆಲಸ, 10:40ಕ್ಕೆ ಕಂಠಪಾಠ, 11ಕ್ಕೆ ಮನೆಗೆ. ಆಟ ಮೊದಲೇ ಏಕೆಂದರೆ ಒಂಬತ್ತರ ಮೇಲೆ ಬಯಲಲ್ಲಿ ಮಕ್ಕಳನ್ನು ಓಡಿಸಬಾರದು. ಆಟವನ್ನು ಕೊನೆಗಿಡುವುದು ಎಲ್ಲ ಕಡೆ ನಡೆಯುವ ತಪ್ಪು. ಅತಿಥಿಗಳ ಭಾಷಣಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ, ಮಾಡಿಕೊಡಲೂ ಬೇಡಿ. ಹಳ್ಳಿಗಳಿಂದ ಆಟೋದಲ್ಲಿ ಬರುವ ಮಕ್ಕಳಿಗೆ ಗಾಡಿಗೊಬ್ಬ ಸಹಾಯಕರು, ಅವರ ಕೈಲಿ ಹೆಸರಿನ ಪಟ್ಟಿ. ಹತ್ತುವಾಗ ಇಳಿಯುವಾಗ ಎಣಿಸಲೇಬೇಕು.

8. ಒಂದು ಕೈಕೆಲಸ: ಹಕ್ಕಿಗೆ ನೀರಿನ ಚಿಪ್ಪು

ಬಣ್ಣದ ಕಾಗದ ಮನೆಗೆ ಹೋಗುವಷ್ಟರಲ್ಲಿ ಹರಿದಿರುತ್ತದೆ. ತೆಂಗಿನ ಚಿಪ್ಪು ಮಳೆಗಾಲದವರೆಗೆ ಬಾಳುತ್ತದೆ. ತಿಂಗಳು ಮುಂಚೆಯೇ ಮನೆಮನೆಯಿಂದ 70 ಚಿಪ್ಪು ಕೂಡಿಸಿ. ಕಣ್ಣಿಲ್ಲದ ಹೋಳು ಆರಿಸಿ. ಕಣ್ಣಿರುವ ಹೋಳಿನಲ್ಲಿ ಮೆತ್ತನೆಯ ಕಣ್ಣಿನಿಂದ ನೀರು ಸೋರುತ್ತದೆ. ಅದೇ ಸಿಕ್ಕರೆ ಮೇಣದ ಬತ್ತಿ ಕರಗಿಸಿ ಕಣ್ಣು ಮುಚ್ಚಿ. ಅಂಚಿನಿಂದ ಒಂದು ಬೆರಳು ಕೆಳಗೆ, ಸಮ ದೂರದಲ್ಲಿ ಮೂರು ತೂತು. ಇದನ್ನು ದೊಡ್ಡವರೇ ಹಿಂದಿನ ದಿನ ಡ್ರಿಲ್ಲಿನಲ್ಲಿ ಅಥವಾ ಕಾಸಿದ ಮೊಳೆಯಲ್ಲಿ ಮಾಡಿಡಬೇಕು. ಸುತ್ತಿಗೆಯಲ್ಲಿ ಮೊಳೆ ಹೊಡೆದರೆ ಚಿಪ್ಪು ಸೀಳುತ್ತದೆ. ಮಕ್ಕಳು ಉಪ್ಪುಕಾಗದದಲ್ಲಿ ನಾರು ಉಜ್ಜಿ, ಹೊರಗೆ ಮಾತ್ರ ಬಣ್ಣ ಬಳಿದು, ಒಂದೂವರೆ ಅಡಿಯ ಮೂರು ಸಣಬಿನ ಹುರಿ ಪೋಣಿಸಿ ಮೇಲೆ ಗಂಟು ಹಾಕಲಿ. ಒಳಗೆ ಬಣ್ಣ ಬೇಡ, ಹಕ್ಕಿ ಕುಡಿಯುವ ನೀರು ಅದು. ನೆರಳಲ್ಲಿ ತೂಗುಹಾಕಿ ದಿನಾ ನೀರು ಚೆಲ್ಲಿ ಉಜ್ಜಿ ತುಂಬಲು ಹೇಳಿ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ.

9. ಸಮಾರೋಪ ಮತ್ತು ಆಮೇಲೆ

ಭಾನುವಾರ ಗುಂಪಿಗೆ ಆರು ನಿಮಿಷದಂತೆ ಹಾಡು, ವಚನ, ಒಂದು ಕಿರುನಾಟಕ. ಒಟ್ಟು 40 ನಿಮಿಷ ಸಾಕು. ಬಹುಮಾನ ಕೊಟ್ಟರೆ ಎಲ್ಲ ಮಕ್ಕಳಿಗೂ ಒಂದೇ ಬಗೆಯದು. ಮೆರವಣಿಗೆ ಇದ್ದರೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಗಿಯಲಿ, ಬರಿಗಾಲಿನ ಮಗು ಒಂದೂ ಇರಬಾರದು. ಮಕ್ಕಳ ಕಾಣಿಕೆ ಯಾವುದಕ್ಕೆ ಹೋಗುತ್ತದೆಂದು ಅವರಿಗೇ ಹೇಳಿ. ಮುಂದಿನ ಭಾನುವಾರದೊಳಗೆ ಜಮಾ–ಖರ್ಚನ್ನು ಫಲಕಕ್ಕೆ ಹಾಕಿ.

ಬಾಡಿಗೆ ಪಾತ್ರೆ, ಜಮಖಾನೆ ಎಣಿಸಿ ಹಿಂದಿರುಗಿಸಿದ ಮೇಲೆ ಹಾಜರಿ ಪುಸ್ತಕವನ್ನು ಬೀರುವಿನಲ್ಲಿ ಇಡಬೇಡಿ, ಸಂಡೇ ಸ್ಕೂಲ್ ಮೇಲ್ವಿಚಾರಕರ ಕೈಗೆ ಕೊಡಿ. ಸಭೆಯ ಕುಟುಂಬದವರೇ ಆಗಿದ್ದೂ ಸಂಡೇ ಸ್ಕೂಲಿಗೆ ಬಾರದಿದ್ದ ಮಕ್ಕಳ ಹೆಸರಿನ ಮುಂದೆ ಗುರುತು ಹಾಕಿರಿ. ಮೇ ಕೊನೆಗೆ ಶಾಲೆ ತೆರೆಯುವ ಮುಂಚೆ ಆ ಮನೆಗಳಿಗೆ ಹೋಗಿ ಬನ್ನಿ. ಹೋದಾಗ ಚಿಪ್ಪು ಎಲ್ಲಿ ಕಟ್ಟಿದ್ದೀಯಾ, ಯಾವ ಹಕ್ಕಿ ಬಂತು ಎಂದು ಮಗುವನ್ನೇ ಕೇಳಿ.